ಸುಟ್ಟ ಕಾರಿನ ಸಣ್ಣ ಬ್ಯಾಟರಿ

"ಇನ್ನೊಂದು ಸಲ ಎಣಿಸಿ ಮೇಷ್ಟ್ರೇ."

"ಮೂರು ಸಲ ಎಣಿಸಾಯ್ತು ಕಲ್ಯಾಣಮ್ನೋರೇ. ಎಂಟೇ ಇರೋದು."

ಪಂಚಾಕ್ಷರಿ ಮೇಷ್ಟ್ರು ಸುಟ್ಟ ಕಾರಿನ ಅಡಿಯಿಂದ ಮಾತಾಡುತ್ತಿದ್ದರು. ಹೊರಗೆ ಕಾಣುತ್ತಿದ್ದದ್ದು ಅವರ ಮೊಣಕಾಲು, ಇಸ್ತ್ರಿ ಮಾಡಿದ ಪ್ಯಾಂಟಿನ ತುದಿ, ಒಂದು ಜೊತೆ ಹಳೇ ಚಪ್ಪಲಿ ಅಷ್ಟೇ. ಪಾಲಿಟೆಕ್ನಿಕ್ಕಿನಲ್ಲಿ ಮೂವತ್ತು ವರ್ಷ ಮೋಟಾರು ವಾಹನದ ಪಾಠ ಹೇಳಿ ನಿವೃತ್ತರಾದ ಮನುಷ್ಯ. ಕಲ್ಯಾಣಮ್ಮ ಕೇಳಿಕೊಂಡಳೆಂದು ಈ ವಯಸ್ಸಿನಲ್ಲೂ ನೆಲಕ್ಕೆ ಗೋಣಿಚೀಲ ಹಾಸಿಕೊಂಡು ಮಲಗಿದ್ದರು.

ಠಾಣೆಯ ಹಿಂದಿನ ಯಾರ್ಡಿನಲ್ಲಿ, ಜಪ್ತಿಯಾದ ಬೈಕುಗಳ ಸಾಲಿನ ಪಕ್ಕ, ನಾಲ್ಕು ಸಿಮೆಂಟ್ ಇಟ್ಟಿಗೆಯ ಮೇಲೆ ಆ ಕಾರು ಕೂತಿತ್ತು. ಟೈರಿಲ್ಲ, ಗಾಜಿಲ್ಲ, ಬಣ್ಣವಿಲ್ಲ. ಡ್ರೈವರ್ ಸೀಟಿದ್ದ ಕಡೆ ಬರೀ ಸ್ಪ್ರಿಂಗುಗಳು. ಕಲ್ಯಾಣಮ್ಮ ಬಂದಾಗಿನಿಂದ ಆ ಕಡೆ ತಿರುಗಿರಲಿಲ್ಲ.

ಹನ್ನೆರಡು ದಿನದ ಹಿಂದೆ, ಗುರುವಾರ ಮಧ್ಯಾಹ್ನ, ಕೆಂಗೇರಿ ಆಚೆಯ ಖಾಲಿ ಲೇಔಟೊಂದರಲ್ಲಿ ಈ ಎಲೆಕ್ಟ್ರಿಕ್ ಟ್ಯಾಕ್ಸಿ ಉರಿದು ಹೋಗಿತ್ತು; ಅದರೊಳಗೆ ಬೆಂದವನು ಚಾಲಕ ದೇವೇಂದ್ರಪ್ಪ, ಬೇಯಿಸಿದ್ದು ಗ್ಯಾರೇಜಿನವರು ಹಾಕಿಕೊಟ್ಟ ದೊಡ್ಡ ಬ್ಯಾಟರಿ ಎಂದು ಇಡೀ ಊರು ನಂಬಿತ್ತು.

"ಹದಿನಾಲ್ಕು ಇರಬೇಕಿತ್ತಲ್ವಾ?" ಅಂದಳು ಕಲ್ಯಾಣಮ್ಮ.

ಮೇಷ್ಟ್ರು ಹೊರಗೆ ಬಂದು ಕೂತರು. ಹಣೆಯ ಮೇಲೆ ಮಸಿ. "ನೋಡಿ, ಈ ಕಾರಿನ ಬ್ಯಾಟರಿ ಅಂದ್ರೆ ಒಂದೇ ಪೆಟ್ಟಿಗೆ ಅಲ್ಲ. ಒಳಗೆ ಇಟ್ಟಿಗೆ ಜೋಡಿಸಿದ ಹಾಗೆ ಮಾಡ್ಯೂಲ್‌ಗಳು ಇರ್ತವೆ. ಕಂಪನಿಯಿಂದ ಬರುವಾಗ ಇದರಲ್ಲಿ ಇದ್ದದ್ದು ಎಂಟು, ಎಲ್ಲಾ ನೆಲದಡಿ. ಆ ಗ್ಯಾರೇಜಿನ ಗೌತಮ್ ದೊಡ್ಡದು ಮಾಡಿದಾಗ ಹಳೇ ಪೆಟ್ಟಿಗೆ ತೆಗೆದು ನೆಲದಡಿ ಎಂಟು ಹೊಸದು, ಡಿಕ್ಕಿಯಲ್ಲಿ ಇನ್ನೊಂದು ಪೆಟ್ಟಿಗೆ ಮಾಡಿ ಆರು. ಠಾಣೆಯಲ್ಲಿ ಅವನೇ ಹಾಗೆ ಬರೆಸಿದಾನೆ."

"ಡಿಕ್ಕಿಯಲ್ಲಿ ಇದ್ದದ್ದು ಪೂರ್ತಿ ಸುಟ್ಟು ಹೋಗಿರಬಹುದಲ್ಲ?"

"ಸುಡಲಿ. ಬೋಲ್ಟು ಎಲ್ಲಿ ಹೋಗತ್ತೆ?" ಮೇಷ್ಟ್ರು ಎದ್ದು ಡಿಕ್ಕಿಯ ಒಳಗೆ ಟಾರ್ಚು ಹಾಕಿದರು. ತಗಡಿನಲ್ಲಿ ಕೊರೆದ ನಾಲ್ಕು ತೂತು. ನಾಲ್ಕೂ ಖಾಲಿ. "ಉಕ್ಕಿನ ಬೋಲ್ಟು ಇಂಥ ಬೆಂಕಿಗೆ ಕರಗಲ್ಲ. ಬಿಚ್ಚಿದ್ರೆ ಮಾತ್ರ ಹೋಗತ್ತೆ."

ಕಲ್ಯಾಣಮ್ಮ ಬಗ್ಗಿ ಆ ತೂತುಗಳನ್ನು ಒಂದೊಂದಾಗಿ ಬೆರಳಿನಿಂದ ಮುಟ್ಟಿದಳು.

"ಇನ್ನೊಂದು ವಿಷಯ," ಮೇಷ್ಟ್ರು ದನಿ ತಗ್ಗಿಸಿದರು. "ಬ್ಯಾಟರಿಯೇ ಸಿಡಿದಿದ್ರೆ ಮೊದಲು ಅದು ಬೂದಿಯಾಗಬೇಕಿತ್ತು, ಆಮೇಲೆ ಕಾರು. ಇಲ್ಲಿ ಪೆಟ್ಟಿಗೆಯ ಮೇಲ್ಮುಚ್ಚಳ ಬೆಂದಿದೆ, ತಳದಲ್ಲಿರೋ ವೈರಿನ ಪ್ಲಾಸ್ಟಿಕ್ ಹಾಗೇ ಇದೆ. ಬೆಂಕಿ ಕೆಳಗಿಂದ ಮೇಲಕ್ಕೆ ಬಂದಿಲ್ಲ ಕಲ್ಯಾಣಮ್ನೋರೇ. ಮೇಲಿಂದ ಕೆಳಕ್ಕೆ ಇಳಿದಿದೆ."

"ಅಂದ್ರೆ..."

"ಅಂದ್ರೆ ಯಾರೋ ಸೀಟಿನ ಹತ್ರ ಹಚ್ಚಿದಾರೆ."

ಯಾರ್ಡಿನ ಗೋಡೆಯಾಚೆ ಬಸ್ಸೊಂದು ಬ್ರೇಕು ಹಾಕಿ ನಿಂತಿತು. ಮೇಷ್ಟ್ರು ಜೇಬಿನಿಂದ ಒಂದು ಚೀಟಿ ತೆಗೆದು ಅವಳ ಕೈಗೆ ಕೊಟ್ಟರು. ಬ್ಯಾಟರಿ ಪೆಟ್ಟಿಗೆಯ ಅಲ್ಯೂಮಿನಿಯಂ ಪಟ್ಟಿಯ ಮೇಲೆ ಕೊರೆದಿದ್ದ ಸಂಖ್ಯೆಯಲ್ಲಿ ಅವರಿಗೆ ಓದಲು ಸಿಕ್ಕಿದ್ದು ಕೊನೆಯ ನಾಲ್ಕು ಅಂಕಿ. ೪೪೧೭.

"ದೇವೇಂದ್ರಪ್ಪನ ಹೆಂಡ್ತಿ ಹತ್ರ ಕಾರಿನ ಕಾಗದ ಇರತ್ತೆ. ತಾಳೆ ಹಾಕಿ ನೋಡಿ."

*

ಕುರುಬರಹಳ್ಳಿಯ ಆ ಮನೆಯಲ್ಲಿ ಮೂರು ಬಾಡಿಗೆ ಪೋರ್ಶನ್ನು. ಮೇಲಿನ ಒಂದೂವರೆ ಕೋಣೆಯಲ್ಲಿ ದೇವೇಂದ್ರಪ್ಪನ ಹೆಂಡತಿ ಗುರುದೇವಿ ಇದ್ದಳು. ಬಾಗಲಕೋಟೆ ಕಡೆಯವಳು, ಇಪ್ಪತ್ತೊಂಬತ್ತು ವರ್ಷ. ಕಲ್ಯಾಣಮ್ಮ ಬಾಗಿಲು ತಟ್ಟಿದಾಗ ಅವಳು ಒಲೆಯ ಮುಂದೆ ನಿಂತಿದ್ದಳು, ಒಲೆ ಹಚ್ಚಿರಲಿಲ್ಲ.

"ಊಟ ಮಾಡಿದ್ಯಾ?"

"ಮಾಡ್ತೀನ್ರಿ ಅಕ್ಕಾರ."

ನಿನ್ನೆಯೂ ಇದೇ ಮಾತು, ಮೊನ್ನೆಯೂ ಇದೇ. ಕಲ್ಯಾಣಮ್ಮ ಒತ್ತಾಯ ಮಾಡಲಿಲ್ಲ. ಗೋಡೆಗೆ ಒರಗಿ ಚಾಪೆಯ ಮೇಲೆ ಕೂತು ಕಾರಿನ ಫೈಲು ಕೇಳಿದಳು.

ಫೈಲನ್ನು ಟ್ರಂಕಿನಿಂದ ತೆಗೆಯುವಾಗ ಗುರುದೇವಿಯ ಕೈ ಖಾಲಿ ಖಾಲಿಯಾಗಿ ಕಂಡಿತು. ಬಳೆ ತೆಗೆದ ಕಡೆ ಒಂದು ಬಿಳಿ ಗೆರೆ ಹಾಗೇ ಉಳಿದಿತ್ತು.

"ಏನ್ ನೋಡ್ತೀರಿ ಅಕ್ಕಾರ? ಎಲ್ಲಾ ನನಗ ಗೊತ್ತೈತಿ. ನಾನ ಹಠ ಹಿಡದು ಹಾಕ್ಸಿದ್ದು." ಅವಳು ಇದನ್ನು ಎಷ್ಟನೇ ಸಲ ಹೇಳುತ್ತಿದ್ದಳೋ. "ಸಣ್ಣ ಬ್ಯಾಟರಿ ಇದ್ದಾಗ ದಿನಾ ಎರಡು ಸಲ ಚಾರ್ಜಿಗೆ ನಿಲ್ಲಬೇಕಿತ್ರಿ. ಸರದಿ ಬರೂತನಕ ಅಲ್ಲೇ ಕುಂದರಬೇಕು. ಊಟಕ್ಕ ಮನೀಗ ಬರತಿದ್ದಿಲ್ಲ. ದೊಡ್ಡದು ಹಾಕ್ಸ್ರಿ, ಸಂಜೀಕ ಮನೀಗ ಬರ್ರಿ ಅಂತ ನಾ ಎರಡು ದಿನ ಮಾತ ಬಿಟ್ಟಿದ್ದೆ."

"ಹಾಕಿಸಿದ ಮೇಲೆ ಸಂಜೆ ಬರ್ತಿದ್ನಾ?"

ಗುರುದೇವಿ ನಕ್ಕಳು. ಅಳುವುದಕ್ಕಿಂತ ಕಷ್ಟವಾಗಿತ್ತು ಆ ನಗು. "ಬ್ಯಾಟರಿ ದೊಡ್ಡದಾತು, ದಾರೀನೂ ದೊಡ್ಡದಾತ್ರಿ. ಮೈಸೂರ ಟ್ರಿಪ್ ಅಂದ್ರು, ಹಾಸನ ಅಂದ್ರು. ಎರಡೆರಡು ದಿನ ಬರತಿದ್ದಿಲ್ಲ."

ಕಲ್ಯಾಣಮ್ಮ ಕನ್ನಡಕ ಏರಿಸಿ ಕಾಗದ ತಿರುವಿದಳು. ಕಾರು ಕೊಂಡಾಗ ಕೊಟ್ಟ ವಾರಂಟಿ ಕಾರ್ಡು. ಬ್ಯಾಟರಿಯ ಸಂಖ್ಯೆ ಉದ್ದಕ್ಕಿತ್ತು. ಕೊನೆಯ ನಾಲ್ಕು ಅಂಕಿ ೪೪೧೭.

ಅವಳು ಚೀಟಿಯನ್ನು ಅದರ ಪಕ್ಕ ಇಟ್ಟಳು.

"ಹಳೇ ಬ್ಯಾಟರಿ ಎಲ್ಲಿ ಇಟ್ಟಿದ್ರು ಗುರುದೇವಿ?"

"ಗೌತಮಣ್ಣನ ಶೆಡ್ಡಿನಾಗ. ಬಿಚ್ಚಿದ್ದು ಅಲ್ಲೇ ಇರ್ಲಿ, ಗಿರಾಕಿ ಬಂದ್ರ ಕೊಟ್ಟ ಬಿಡೋಣ ಅಂದಿದ್ರಂತ."

"ಅದು ಅಲ್ಲಿಲ್ಲ. ಸುಟ್ಟ ಕಾರಿನೊಳಗೆ ಇದೆ." ಕಲ್ಯಾಣಮ್ಮ ನಿಧಾನವಾಗಿ, ಒಂದೊಂದೇ ಮಾತು ಬಿಡಿಸಿ ಹೇಳಿದಳು. "ಬೆಂಕಿ ಬೀಳೋ ಮುಂಚೇನೇ ಯಾರೋ ದೊಡ್ಡ ಬ್ಯಾಟರಿ ಬಿಚ್ಚಿ, ಹಳೇ ಸಣ್ಣದನ್ನ ವಾಪಸ್ ಹಾಕಿದಾರೆ. ನೀನು ಹಾಕ್ಸಿದ ಬ್ಯಾಟರಿ ಆ ದಿನ ಆ ಕಾರಲ್ಲಿ ಇರಲೇ ಇಲ್ಲ ಕಣಮ್ಮ."

ಗುರುದೇವಿ ಚೀಟಿಯನ್ನು ಕೈಗೆತ್ತಿಕೊಂಡಳು.

"ಹಂಗಂದ್ರ ನಾ ಕೊಂದಿಲ್ಲೇನ್ರಿ ಅಕ್ಕಾರ?"

ಇಲ್ಲ ಎನ್ನಲು ಕಲ್ಯಾಣಮ್ಮನಿಗೆ ಬಾಯಿ ಬರಲಿಲ್ಲ. ಇಲ್ಲ ಎಂದ ಕೂಡಲೇ ಇನ್ಯಾರು ಎಂಬ ಪ್ರಶ್ನೆ ಬರುತ್ತದೆ. ಅದರ ಉತ್ತರ ಆಗಲೇ ಅವಳ ತಲೆಯಲ್ಲಿ ಮೂಡತೊಡಗಿತ್ತು, ಮತ್ತು ಅದು ಈ ಹೆಣ್ಣುಮಗಳಿಗೆ ಹೇಳುವಂಥದ್ದಾಗಿರಲಿಲ್ಲ.

ಪೊಲೀಸ್ ಇಲಾಖೆಯಲ್ಲಿದ್ದ ಮೂವತ್ತೆರಡು ವರ್ಷವೂ ಕಲ್ಯಾಣಮ್ಮನಿಗೆ ಬಿದ್ದ ಕೆಲಸ ಇದೇ. ಅಪಘಾತವಾಗಲಿ, ನೇಣಾಗಲಿ, ಕೆರೆಯಲ್ಲಿ ತೇಲಿದ ಹೆಣವಾಗಲಿ, ಮನೆಯ ಹೆಂಗಸಿಗೆ ಸುದ್ದಿ ಮುಟ್ಟಿಸಬೇಕಾದಾಗ ಸಾಹೇಬರು ಕೂಗುತ್ತಿದ್ದದ್ದು ಅವಳನ್ನೇ. ಹೋಗಮ್ಮ, ನೀನಾದ್ರೆ ಸಮಾಧಾನವಾಗಿ ಹೇಳ್ತೀಯ. ಸಮಾಧಾನವಾಗಿ ಹೇಳಿದರೆ ಸಾವು ಕಡಿಮೆಯಾಗುತ್ತದೆಯೇ? ನಿವೃತ್ತಿಯಾದ ಮೇಲೆ ಬಸವೇಶ್ವರನಗರದ ಕ್ಲಿನಿಕ್ಕಿನ ಮಾಳಿಗೆಯಲ್ಲಿ ಕಚೇರಿ ತೆರೆದು ಖಾಸಗಿ ಪತ್ತೇದಾರಿ ಎಂದು ಬೋರ್ಡು ಹಾಕಿದಾಗ, ಇನ್ನು ಮೇಲೆ ಅಂಥ ಬಾಗಿಲು ತಟ್ಟುವುದು ತಪ್ಪಿತು ಅಂದುಕೊಂಡಿದ್ದಳು.

"ನಿನ್ನ ತಮ್ಮ ಏನಾದ್ರೂ ಫೋನ್ ಮಾಡಿದ್ನಾ?" ಕೇಳುವಾಗ ಮುಖ ಕಾಗದದ ಕಡೆಗೇ ಇಟ್ಟುಕೊಂಡಿದ್ದಳು.

"ಶ್ರೀಶೈಲನ?" ಗುರುದೇವಿಯ ದನಿ ಕುಗ್ಗಿತು. "ಇಲ್ರಿ. ಫೋನ್ ಸ್ವಿಚ್ ಆಫ್ ಬರತೈತಿ. ಭಾವನ ಮಣ್ಣಿಗೂ ಊರಿಗೆ ಬರಲಿಲ್ಲ ಅವ. ಅಂವನ ಕೈಯಾರೆ ಕೂಡ್ಸಿದ ಬ್ಯಾಟರಿ ಅಲ್ರಿ, ಹೆಂಗ ಮಾರಿ ತೋರಿಸ್ತಾನ? ಎಲ್ಲೋ ಮುಖ ಮುಚಗೊಂಡು ಕುಂತಿರತಾನ."

ಶ್ರೀಶೈಲ ಗೌತಮನ ಗ್ಯಾರೇಜಿನ ಮೆಕ್ಯಾನಿಕ್ಕು. ಅಕ್ಕನನ್ನು ನೆಚ್ಚಿಕೊಂಡು ಊರಿಂದ ಬಂದು ಆರು ವರ್ಷವಾಗಿತ್ತು. ಭಾವನ ಕಾರನ್ನು ಆ ಶೆಡ್ಡಿಗೆ ಕರೆದುಕೊಂಡು ಹೋದವನೇ ಅವನು. ಬ್ಯಾಟರಿ ಬಿಚ್ಚಲು ಬಲ್ಲವನು, ಹಳೆಯದು ಎಲ್ಲಿದೆ ಎಂದು ಗೊತ್ತಿದ್ದವನು, ಬೆಂಕಿ ಬಿದ್ದ ದಿನದಿಂದ ಕಾಣೆಯಾದವನು.

ಬ್ಯಾಟರಿ ಯಾಕೆ ಸಿಡಿಯಿತು ಎಂದು ತಿಳಿದುಕೊಡಲು ಗುರುದೇವಿ ಕೇಳಿಕೊಂಡಿದ್ದಳು. ಬೆಂಕಿ ಇಟ್ಟವನು ನಿನ್ನ ತಮ್ಮನೇ ಕಣಮ್ಮ ಎಂದು ಹೇಗೆ ಹೇಳುವುದು?

ಕಲ್ಯಾಣಮ್ಮ ಎದ್ದಳು. "ನಾನು ಹೇರೋಹಳ್ಳಿಗೆ ಹೋಗಿ ಬರ್ತೀನಿ. ನೀನು ಒಂದು ತುತ್ತು ಅನ್ನ ತಿನ್ನು."

"ನಾನೂ ಬರ್ತೀನ್ರಿ."

"ಬೇಡ."

"ಮನ್ಯಾಗ ಕುಂತ್ರ ಹುಚ್ಚ ಹಿಡಿತೈತ್ರಿ ನನಗ." ಗುರುದೇವಿ ಆಗಲೇ ಚಪ್ಪಲಿ ಹಾಕಿಕೊಂಡಿದ್ದಳು. "ಬಿಳಿ ಅರಿವ್ಯಾಗ ಕಟ್ಟಿ ಕೊಟ್ಟಿದ್ರು. ಮುಖಾನೂ ನೋಡಾಕ ಬಿಡಲಿಲ್ಲ. ಮಣ್ಣಾಗ ಇಡಬೇಕಾದ್ರ ನಾ ಮನಸಿನ್ಯಾಗ ಏನ್ ಅಂದ್ನಿ ಗೊತ್ತೇನ್ರಿ? ತಪ್ಪಾತು ಅಂದ್ನಿ. ಬ್ಯಾಟರಿ ಹಾಕ್ಸಿದ್ದು ತಪ್ಪಾತು ಅಂದ್ನಿ. ಈಗ ಅದು ಬ್ಯಾಟರಿ ಅಲ್ಲ ಅಂತೀರಿ. ಮತ್ತ ಯಾರು ಅಂತ ನನ್ನ ಕಿವೀಲೆ ಕೇಳಬೇಕ್ರಿ."

ಸ್ಕೂಟರಿನ ಹಿಂದೆ ಅವಳು ಕೂತದ್ದೇ ಗೊತ್ತಾಗಲಿಲ್ಲ, ಅಷ್ಟು ಹಗುರವಾಗಿಬಿಟ್ಟಿದ್ದಳು.

*

ಮಾಗಡಿ ರಸ್ತೆ ಬಿಟ್ಟು ಹೇರೋಹಳ್ಳಿಯ ಒಳಗೆ ತಿರುಗಿದ ಮೇಲೆ ರಸ್ತೆ ಎನ್ನುವುದು ಬರೀ ಹೆಸರಿಗೆ. ಎರಡು ಹೊಸ ಮನೆಗಳ ನಡುವಿನ ಸೈಟಿನಲ್ಲಿ ಗೌತಮನ ಶೆಡ್ಡು. ತಾತನ ಕಾಲದಲ್ಲಿ ರಾಗಿ ಹೊಲವಾಗಿದ್ದ ಜಾಗ. ತಂದೆ ಸೈಟು ಮಾಡಿ ಮಾರಿ ಉಳಿಸಿಕೊಂಡ ಕೊನೆಯ ತುಂಡಿನಲ್ಲಿ ಮಗ ತಗಡು ಹೊದಿಸಿ ಗ್ಯಾರೇಜು ಕಟ್ಟಿದ್ದ.

ಬಾಗಿಲು ಅರ್ಧ ಇಳಿಸಿತ್ತು. ಹೊರಗೆ ಗೋಡೆಯ ನೆರಳಿನಲ್ಲಿ ಗುರುದೇವಿಯನ್ನು ನಿಲ್ಲಿಸಿ, "ನಾನು ಕರೆಯೋ ತನಕ ಇಲ್ಲೇ ಇರು" ಎಂದು ಹೇಳಿ ಕಲ್ಯಾಣಮ್ಮ ಬಗ್ಗಿ ಒಳಗೆ ಹೋದಳು.

ಗೌತಮ್ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ. ಮೂವತ್ತೆರಡರ ಗಂಡು, ಹದಿನೈದು ದಿನದ ಗಡ್ಡ. ಜಾಮೀನಿನ ಮೇಲೆ ಹೊರಬಂದು ನಾಲ್ಕು ದಿನವಾಗಿತ್ತು. ಕೆಲಸವಿಲ್ಲ, ಕೆಲಸದವರಿಲ್ಲ. ಲಿಫ್ಟಿನ ಮೇಲೆ ಯಾರದೋ ಕಾರು ಏರಿಸಿದ್ದು ಹಾಗೇ ನಿಂತಿತ್ತು.

"ಮತ್ತೆ ಬಂದ್ರಾ ಆಂಟಿ? ಎಲ್ಲಾ ಹೇಳಿದೀನಲ್ಲ. ನಾನೇ ಹಾಕಿದ್ದು. ತಪ್ಪಾಯ್ತು. ಜೈಲಿಗೆ ಹೋಗ್ತೀನಿ. ಇನ್ನೇನ್ ಬೇಕು?"

"ಎಷ್ಟು ಮಾಡ್ಯೂಲ್ ಹಾಕಿದ್ದೆ?"

"ಹದಿನಾಲ್ಕು."

"ಅಲ್ಲಿ ಎಂಟು ಇದೆ."

ಅವನ ಕಣ್ಣು ಒಂದು ಕ್ಷಣ ಅಲ್ಲಾಡಿತು. "ಮಿಕ್ಕಿದ್ದು ಸುಟ್ಟು ಬೂದಿ ಆಗಿರತ್ತೆ."

"ಬೋಲ್ಟು?"

"ಏನು?"

"ಡಿಕ್ಕಿಯಲ್ಲಿ ಪೆಟ್ಟಿಗೆ ಕೂರಿಸೋಕೆ ನಾಲ್ಕು ಬೋಲ್ಟು ಹಾಕಿದ್ದೆ. ಅವೂ ಬೂದಿ ಆದ್ವೇನೋ?"

ಕಲ್ಯಾಣಮ್ಮ ಅವನನ್ನು ಬಿಟ್ಟು ಶೆಡ್ಡಿನ ಹಿಂದಿನ ಗೋಡೆಯ ಕಡೆ ನಡೆದಳು. ಅಲ್ಲಿ ಕಬ್ಬಿಣದ ಅಟ್ಟಣಿಗೆ. ಗಿರಾಕಿಗಳು ಬಿಟ್ಟುಹೋದ ಹಳೇ ಬ್ಯಾಟರಿಗಳು ಸಾಲಾಗಿ ಇದ್ದವು, ಪ್ರತಿಯೊಂದರ ಕೆಳಗೂ ಸೀಮೆಸುಣ್ಣದಲ್ಲಿ ಕಾರಿನ ನಂಬರು. ಕೆಳಗಿನ ಸಾಲಿನಲ್ಲಿ ಒಂದು ಜಾಗ ಖಾಲಿ. ಸುತ್ತಲೂ ಬೆರಳು ದಪ್ಪ ಧೂಳು, ನಡುವೆ ಮಂಚದಷ್ಟು ಅಗಲ ಒರೆಸಿಟ್ಟಂತೆ ಚೊಕ್ಕಟ. ಬರೆದ ನಂಬರನ್ನು ಯಾರೋ ಅಂಗೈಯಿಂದ ಉಜ್ಜಿದ್ದರು. ಉಜ್ಜಿದ್ದು ಸಾಲದೆ ಕೊನೆಯ ಎರಡು ಅಂಕಿ ಇನ್ನೂ ಕಾಣುತ್ತಿತ್ತು. ಅದು ದೇವೇಂದ್ರಪ್ಪನ ಕಾರಿನದು.

"ಹಳೇ ಬ್ಯಾಟರಿ ಇಲ್ಲಿಂದ ಹೋಗಿದೆ. ಅದರ ನಂಬರು ಸುಟ್ಟ ಕಾರಲ್ಲಿ ಸಿಕ್ಕಿದೆ. ಕ್ವಿಂಟಾಲು ಮೇಲಿನ ತೂಕ, ಲಿಫ್ಟ್ ಇಲ್ದೆ ರಸ್ತೇಲಿ ಬದಲಾಯಿಸೋಕೆ ಆಗಲ್ಲ. ನಿನ್ನ ಲಿಫ್ಟು, ನಿನ್ನ ಶೆಡ್ಡು. ನಿಂಗೆ ಗೊತ್ತಿಲ್ಲದೆ ಆಗಿದೆ ಅಂತ ಮಾತ್ರ ಹೇಳಬೇಡ ಕಣೋ."

"ನಂಗೇನೂ ಗೊತ್ತಿಲ್ಲ."

"ಶ್ರೀಶೈಲ ಮಾಡಿದ್ನಾ?"

ಗೌತಮ್ ತಲೆ ಎತ್ತಿದ.

"ಭಾವನಿಗೆ ಗೊತ್ತಿಲ್ದೆ ದೊಡ್ಡದನ್ನ ಕದ್ದ. ಭಾವನಿಗೆ ಗೊತ್ತಾಯ್ತು. ಜಗಳ ಆಯ್ತು. ಆಮೇಲೆ ಕಾರಿಗೆ ಬೆಂಕಿ ಇಟ್ಟು ಓಡಿ ಹೋದ. ಅವನನ್ನ ನೀನು ಬಚ್ಚಿಡ್ತಾ ಇದೀಯ. ಹೌದೋ ಅಲ್ವೋ?"

"ಅಯ್ಯೋ, ಅವನನ್ನ ಹಾಗನ್ನಬೇಡಿ ಆಂಟಿ!" ಗೌತಮನ ದನಿ ಸೀಳಿತು. "ಅವನು ಅಂಥವನಲ್ಲ. ಈ ಶೆಡ್ಡಲ್ಲಿ ಒಂದು ನಟ್ಟು ಕೂಡ ಕೇಳದೆ ಮುಟ್ಟಿದವನಲ್ಲ ಅವನು."

ಹೇಳಿಬಿಟ್ಟ ಮೇಲೆ ಅವನು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡ. ಇಷ್ಟು ದಿನ ಕಟ್ಟಿಕೊಂಡಿದ್ದೇನೋ ಒಳಗೆ ಕುಸಿಯುತ್ತಿರುವುದು ಕಲ್ಯಾಣಮ್ಮನಿಗೆ ಕಂಡಿತು. ಠಾಣೆಯಲ್ಲಿ ಇಂಥ ಹೊತ್ತಿನಲ್ಲಿ ಮಾತಾಡಬಾರದು ಎನ್ನುವುದನ್ನು ಅವಳು ಕಲಿತಿದ್ದಳು. ಒಂದು ಡಬ್ಬ ಎಳೆದುಕೊಂಡು ಅವನೆದುರು ಕೂತಳು.

"ದೇವೇಂದ್ರಪ್ಪನೇ ಬಂದಿದ್ದ," ಅಂದ ಗೌತಮ್ ಕೊನೆಗೆ. "ಮಂಗಳವಾರ. ಬೆಂಕಿ ಬೀಳೋ ಎರಡು ದಿನ ಮುಂಚೆ. ದೊಡ್ಡದು ಬಿಚ್ಚಿ ಕೊಡಿ, ಹಳೇದನ್ನೇ ವಾಪಸ್ ಹಾಕಿ ಅಂದ. ಯಾಕಣ್ಣ, ಚೆನ್ನಾಗೇ ಓಡ್ತಿದೆಯಲ್ಲ ಅಂದೆ. ಇನ್ನೊಂದು ಕಾರು ತಗೊಂಡಿದೀನಿ, ಅದಕ್ಕೆ ಹಾಕ್ಬೇಕು ಅಂದ."

"ಇನ್ನೊಂದು ಕಾರಾ? ಅವನ ಹೆಂಡ್ತಿಗೆ ಗೊತ್ತಿಲ್ವಲ್ಲ?"

"ಅಕ್ಕನಿಗೆ ಹೇಳ್ಬೇಡ ಅಂತ ಶ್ರೀಶೈಲನ ಹತ್ರ ಆಣೆ ಮಾಡಿಸ್ಕೊಂಡ. ನನ್ನ ಎದುರೇ. ಶ್ರೀಶೈಲನ ಮುಖ ಅವತ್ತೇ ಒಂಥರಾ ಆಗಿತ್ತು. ಸಂಜೆವರೆಗೂ ಕೂತು ಇಬ್ಬರೂ ಸೇರಿ ಬದಲಾಯಿಸಿದ್ವಿ. ಹದಿನಾಲ್ಕು ಮಾಡ್ಯೂಲನ್ನೂ ಗೂಡ್ಸ್ ಆಟೋಗೆ ತುಂಬಿಸ್ಕೊಂಡು ಹೋದ ಅವನು."

"ಆಮೇಲೆ?"

"ಬುಧವಾರ ಪೂರ್ತಿ ಶ್ರೀಶೈಲ ಮಾತೇ ಆಡಲಿಲ್ಲ. ಅಕ್ಕನಿಗೆ ಮೋಸ ಮಾಡ್ದಂಗಾಯ್ತು ಅಂತಿದ್ದ. ಗುರುವಾರ ಬೆಳಗ್ಗೆ ಬಂದ. ಹನ್ನೊಂದು ಗಂಟೆಗೆ ಭಾವನ ಫೋನ್ ಬಂತು, ಕೆಂಗೇರಿ ಹತ್ರ ಬಾ, ಎಲ್ಲಾ ಬಿಡಿಸಿ ಹೇಳ್ತೀನಿ ಅಂತ. ಅರ್ಧ ದಿನ ರಜ ಕೊಡಿ ಅಣ್ಣಾ ಅಂತ ಕೇಳಿ ಹೋದ. ಅಷ್ಟೇ. ಮತ್ತೆ ಅವನನ್ನ ನೋಡಿಲ್ಲ."

ತಗಡಿನ ಮೇಲೆ ಬಿಸಿಲಿಗೆ ಟಕ್ ಟಕ್ ಶಬ್ದ ಬರುತ್ತಿತ್ತು.

"ಇಷ್ಟನ್ನ ಪೊಲೀಸರಿಗೆ ಹೇಳಿದ್ರೆ ನೀನು ಕೇಸಿಂದಾನೇ ಹೊರಗೆ ಬರ್ತಿದ್ದೆ. ನಿನ್ನ ಬ್ಯಾಟರಿ ಆ ಕಾರಲ್ಲಿ ಇರಲೇ ಇಲ್ಲ. ಯಾಕೋ ಹೇಳಲಿಲ್ಲ? ಕೊಲೆಗಡುಕ ಅನ್ನಿಸ್ಕೊಂಡು ಕೂತಿದೀಯಲ್ಲೋ?"

"ಮೊದಲ ದಿನ ಹೇಳೋಣ ಅಂದ್ಕೊಂಡೆ. ಯಾರು ನಂಬ್ತಾರೆ? ಬಿಚ್ಚಿದ್ದಕ್ಕೆ ಕಾಗದ ಇಲ್ಲ, ಏನಿಲ್ಲ. ಅಷ್ಟರಲ್ಲಿ ಶನಿವಾರ..." ಅವನು ನಿಲ್ಲಿಸಿದ.

"ಶನಿವಾರ ಏನು?"

"ಬೇಡ ಆಂಟಿ."

"ಗೌತಮ್."

"ಬ್ಯಾಟರಿ ಸಿಡೀತು ಅಂದ್ರೆ ನಿರ್ಲಕ್ಷ್ಯ. ಲಾಯರ್ ಹೇಳಿದಾರೆ, ಹೇಗೋ ಆಗತ್ತೆ. ಇದನ್ನ ತೋರಿಸಿದ್ರೆ ಕೊಲೆ ಆಂಟಿ. ನಾನೂ ಸೇರ್ಕೊಂಡಿದೀನಿ ಅಂತಾರೆ. ಹತ್ತು ದಿನದಿಂದ ನಿದ್ದೆ ಮಾಡಿಲ್ಲ. ಒಂದೊಂದು ಸಲ ಆ ಲಿಫ್ಟಿಗೇ ಹಗ್ಗ ಕಟ್ಟೋಣ ಅನ್ಸತ್ತೆ."

ಕಲ್ಯಾಣಮ್ಮ ಅವನ ಕೈ ಹಿಡಿದುಕೊಂಡಳು. ಬೈಯಲಿಲ್ಲ. "ನಿಮ್ಮಮ್ಮ ಬದುಕಿದಾರಾ?" ಎಂದು ಕೇಳಿದಳು. ಹೂಂ ಎಂದು ತಲೆಯಾಡಿಸಿದ. "ಹಾಗಾದ್ರೆ ಹಗ್ಗದ ಮಾತು ಆಡಬೇಡ. ಒಬ್ಬನೇ ಹೊತ್ಕೊಂಡಿದ್ದೀಯ, ಅದಕ್ಕೇ ಹೀಗಾಗಿದೆ. ತೋರಿಸು."

ಗೌತಮ್ ಮೊಬೈಲ್ ತೆಗೆದ. ಹೆಸರಿಲ್ಲದ ಒಂದು ನಂಬರು. ಅದರಿಂದ ಬಂದಿದ್ದು ಒಂದೇ ಒಂದು ವಾಯ್ಸ್ ಮೆಸೇಜು. ಅವನು ಒತ್ತಿದ.

ಗಂಡಸಿನ ದನಿ. ಆತುರವಿಲ್ಲ, ಅಂಜಿಕೆಯಿಲ್ಲ.

"ಗೌತಮಣ್ಣಾ, ನಾ ಮಾತಾಡಾಕತ್ತೀನಿ. ದೊಡ್ಡ ಬ್ಯಾಟರಿ ಬಿಚ್ಚಿದ್ದು ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ. ಅದ ಸಿಡದು ಸತ್ತಾನ ಅಂತ ಪೊಲೀಸ್ರು ಬರಕೊಳ್ಳಲಿ. ನಮ್ಮ ಮನ್ಯಾಕಿನೂ ಹಂಗ ತಿಳಕೊಂಡಾಳ. ತಾನ ಹಾಕ್ಸಿದ್ದು ಅಂತ ಅಳಕೋಂತ ಕುಂದರತಾಳ, ಯಾರನ್ನೂ ಏನೂ ಕೇಳೂದಿಲ್ಲ. ಅದ ಛಲೋ ಆತು ಬಿಡ್ರಿ. ನೀವೂ ಸುಮ್ಮನಿದ್ದುಬಿಡ್ರಿ."

ಕಲ್ಯಾಣಮ್ಮ ಆ ದನಿಯನ್ನು ಎಂದೂ ಕೇಳಿದವಳಲ್ಲ. ಆದರೂ ಯಾರದೆಂದು ಕೇಳುವ ಅಗತ್ಯ ಬೀಳಲಿಲ್ಲ. ಮೊಬೈಲನ್ನು ಕೈಗೆ ತೆಗೆದುಕೊಂಡು ತಾರೀಖು ನೋಡಿದಳು. ಶನಿವಾರ, ಬೆಳಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ.

ಕಾರು ಸುಟ್ಟದ್ದು ಗುರುವಾರ.

ಹೆಣದ ಗುರುತು ಖಚಿತ ಮಾಡಲು ದೇವೇಂದ್ರಪ್ಪನ ತಾಯಿಯ ರಕ್ತ ತೆಗೆದುಕೊಂಡು ಹೋದ ಪ್ರಯೋಗಾಲಯದಿಂದ ಇನ್ನೂ ವರದಿ ಬಂದಿರಲಿಲ್ಲ. ಬರುವ ತನಕ ಕಾಯಬೇಕು ಎಂದು ಯಾರಿಗೂ ಅನ್ನಿಸಿರಲಿಲ್ಲ. ಕಾರು ಅವನದು, ಕೂತಿದ್ದದ್ದು ಡ್ರೈವರ್ ಸೀಟಿನಲ್ಲಿ. ಇನ್ನೇನು ಬೇಕು?

ಹಿಂದೆ ಏನೋ ಸದ್ದಾಯಿತು.

ಅರ್ಧ ಇಳಿಸಿದ ಬಾಗಿಲಿನಡಿ ಬಗ್ಗಿ ಬಂದು ಗುರುದೇವಿ ಒಳಗೆ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ. ಅವಳ ಮುಖದಲ್ಲಿ ಒಂದು ಬೆಳಕು ಹೊತ್ತಿಕೊಂಡಿತ್ತು. ಗಂಡನ ದನಿ ಕಿವಿಗೆ ಬಿದ್ದಾಗ ಹೊತ್ತಿಕೊಂಡದ್ದು, ಬೇರೆ ಯಾವುದೂ ಇನ್ನೂ ಒಳಗೆ ಇಳಿದಿರಲಿಲ್ಲ. ಬರಿಗೈ ತಾನಾಗಿಯೇ ಕೊರಳಿಗೆ ಹೋಗಿತ್ತು.

"ಅವ್ರದ ದನಿ ಅಕ್ಕಾರ," ಅಂದಳು. "ನಮ್ಮನ್ಯಾವ್ರದ. ಅದಾರ ಅವ್ರು. ಅದಾರ!"

ಕಲ್ಯಾಣಮ್ಮ ಎದ್ದು ಅವಳ ಕಡೆ ಎರಡು ಹೆಜ್ಜೆ ಹಾಕಿದಳು. ಸಾವಿನ ಸುದ್ದಿ ಎಷ್ಟು ಮನೆಗೆ ಹೊತ್ತುಕೊಂಡು ಹೋಗಿದ್ದಳೋ, ಬದುಕಿದ್ದಾನೆ ಎಂಬ ಸುದ್ದಿ ಇದೇ ಮೊದಲು. ಇದನ್ನು ಹೇಗೆ ತಡೆಯುವುದೆಂದು ಅವಳಿಗೆ ತೋಚಲಿಲ್ಲ.

"ಗುರುದೇವಿ, ಕೂತ್ಕೋ ಬಾ."

ಬೆಳಕು ನಿಧಾನವಾಗಿ ಆರಿತು. ಗುರುದೇವಿಯ ತುಟಿ ಅಲುಗುತ್ತಿತ್ತು. ಕೇಳಿದ ಮಾತನ್ನೆಲ್ಲ ಮೊದಲಿಂದ ಮತ್ತೆ ಕೇಳಿಕೊಳ್ಳುತ್ತಿರುವವಳಂತೆ. ಮನ್ಯಾಕಿ. ಅಳಕೋಂತ ಕುಂದರತಾಳ. ಛಲೋ ಆತು.

ಆಮೇಲೆ ಗೌತಮನ ಕಡೆ ತಿರುಗಿದಳು.

"ಅಣ್ಣಾ, ನಮ್ಮ ಶ್ರೀಶೈಲ ಗುರುವಾರ ಕೆಂಗೇರಿಗೆ ಹೋದ ಅಂದ್ರಿ. ಹೊಳ್ಳಿ ಬರಲಿಲ್ಲ ಅಂದ್ರಿ."

ಗೌತಮ್ ನೆಲ ನೋಡುತ್ತಿದ್ದ.

"ಅಕ್ಕಾರ," ಅವಳ ದನಿ ಪಿಸುಮಾತಿಗೆ ಇಳಿದಿತ್ತು, "ಮತ್ತ ನಾವು ಮಣ್ಣ ಮಾಡಿದ್ದು ಯಾರ್ನ?"

ಕಲ್ಯಾಣಮ್ಮ ಅವಳ ಭುಜ ಹಿಡಿದಳು. ಬೀಳುತ್ತಾಳೆ ಅಂದುಕೊಂಡಿದ್ದಳು, ಬೀಳಲಿಲ್ಲ. ಗುರುದೇವಿಯ ಮೈ ಮರದ ಹಾಗೆ ಬಿಗಿದಿತ್ತು. ಒಂದೇ ಒಂದು ಸಲ ಅವಳ ಎದೆಯಿಂದ ಸದ್ದು ಬಂತು, ಅಳುವಲ್ಲ, ಭಾರ ಎತ್ತುವಾಗ ಬರುವಂಥದ್ದು.

ಈಗ ಮಾಡಬೇಕಾದ್ದು ಕಲ್ಯಾಣಮ್ಮನಿಗೆ ಗೊತ್ತಿತ್ತು. ಈ ಮೊಬೈಲು ಠಾಣೆಗೆ ಹೋಗಬೇಕು. ಆ ನಂಬರು ಎಲ್ಲಿದೆ ಎಂದು ಸದ್ದಿಲ್ಲದೆ ಪತ್ತೆ ಮಾಡಬೇಕು. ತಾನು ಸತ್ತಿದ್ದೇನೆ ಎಂದು ಎಲ್ಲರೂ ನಂಬಿದ್ದಾರೆ ಎಂಬ ಧೈರ್ಯದಲ್ಲಿ ಅವನು ಇರುವಷ್ಟು ಹೊತ್ತು ಮಾತ್ರ ಅವನು ಸಿಗುತ್ತಾನೆ. ಇನ್ಸ್‌ಪೆಕ್ಟರಿಗೆ ಹೇಳಲು ಅವಳು ಮೊಬೈಲನ್ನು ಡಬ್ಬದ ಮೇಲಿಟ್ಟು, ತನ್ನದನ್ನು ತೆಗೆಯಲು ಬ್ಯಾಗಿಗೆ ಕೈ ಹಾಕಿದಳು.

ಅಷ್ಟೇ ಹೊತ್ತು ಸಾಕಾಯಿತು.

"ಅಕ್ಕಾ, ಬೇಡ!" ಎಂದು ಗೌತಮ್ ಕೂಗಿದಾಗ ಕಲ್ಯಾಣಮ್ಮ ತಿರುಗಿದಳು. ಗುರುದೇವಿಯ ಕಿವಿಯ ಹತ್ತಿರ ಅವನ ಮೊಬೈಲು ಇತ್ತು. ಒಳಗೆ ರಿಂಗಾಗುತ್ತಿರುವುದು ಹೊರಗೂ ಕೇಳುತ್ತಿತ್ತು.

"ಕಟ್ ಮಾಡು ಗುರುದೇವಿ. ಕೊಡಿಲ್ಲಿ." ಕಲ್ಯಾಣಮ್ಮ ಕೈ ಚಾಚಿದಳು.

ಗುರುದೇವಿ ಒಂದು ಹೆಜ್ಜೆ ಹಿಂದೆ ಸರಿದಳು. ಎರಡನೇ ರಿಂಗು. ಮೂರನೆಯದು.

ಆ ಕಡೆ ಎತ್ತಿದರು.

"ಹೇಳ್ರಿ ಗೌತಮಣ್ಣಾ," ಅಂತು ಅದೇ ದನಿ, ನಿರಾಳವಾಗಿ.

ಹತ್ತು ವರ್ಷ ಬಾಳಿದ ಗಂಡನ ಹತ್ತಿರ ಗುರುದೇವಿ ಎಂದೂ ಏರುದನಿಯಲ್ಲಿ ಮಾತಾಡಿದವಳಲ್ಲ. ಈಗಲೂ ಮಾತಾಡಲಿಲ್ಲ. ಊಟಕ್ಕೆ ಬರುವುದು ಎಷ್ಟು ಹೊತ್ತಿಗೆ ಎಂದು ಕೇಳುವಷ್ಟೇ ಮೆತ್ತಗೆ ಕೇಳಿದಳು.

"ನನ್ನ ತಮ್ಮ ಎಲ್ಲಿ ಅದಾನ್ರಿ?"